ಹತ್ತನೇ ದಿನದ ಫೋನ್

(ಮಲ್ಪೆಯಲ್ಲಿ ಮೀನುಗಾರರು ಮತ್ತು ಕಾಲೇಜು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸ)

ವೇದಿಕೆಯಲ್ಲಿರುವ ಹಿರಿಯರಿಗೆ, ಬೋಟಿನ ಮಾಲಕರಿಗೆ, ಬೋಟ್ ನಡೆಸುವ ತಾಂಡೇಲರಿಗೆ, ಹಿಂದಿನ ಸಾಲಿನಲ್ಲಿ ಕೂತ ಮಕ್ಕಳಿಗೆ ನಮಸ್ಕಾರ.

ಚಂಡಮಾರುತ ಅಂದರೇನು ಅಂತ ಮಲ್ಪೆಯಲ್ಲಿ ನಿಂತು ನಾನು ವಿವರಿಸಬೇಕಾಗಿಲ್ಲ. 2019ರ ಒಂದೇ ವರ್ಷ ಅರಬ್ಬಿ ಸಮುದ್ರದಲ್ಲಿ 5 ಚಂಡಮಾರುತ ಎದ್ದವು. ಆ ಅಕ್ಟೋಬರಿನಲ್ಲಿ ಕ್ಯಾರ್ ಬಂದಾಗ ಬೋಟ್‌ಗಳು ಕಾರವಾರಕ್ಕೆ ಓಡಿದ್ದು ನಿಮಗೆ ನೆನಪುಂಟು. ಗಾಳಿ ಬರುವ ಮೊದಲು ಏನು ಮಾಡಬೇಕು ಅಂತ ಹೇಳುವವರು ಈಗ ಬೇಕಾದಷ್ಟು ಜನ ಇದ್ದಾರೆ. ನಾನು ಗಾಳಿ ಹೋದ ಮೇಲಿನ ಒಂದೇ ಒಂದು ಕೆಲಸದ ಬಗ್ಗೆ ಹೇಳಲು ಬಂದಿದ್ದೇನೆ. ಪರಿಚಯದವರಿಗೆ, ಸ್ನೇಹಿತರಿಗೆ ಫೋನ್ ಮಾಡಿ ವಿಚಾರಿಸುವುದು.

ಇಷ್ಟಕ್ಕೆ ಒಂದು ಉಪನ್ಯಾಸ ಬೇಕಾ? ಬೇಕು ಮಾರಾಯ್ರೆ. ನಾವೆಲ್ಲ ಮೊದಲ ದಿನ ಫೋನ್ ಮಾಡುತ್ತೇವೆ. "ಸೇಫ್ ಅಲ್ವಾ?" ಅಂತ ಕೇಳುತ್ತೇವೆ. ಅವರು "ಸೇಫ್" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ನಿಜವಾದ ಕಷ್ಟ ಶುರುವಾಗುವುದು ಆಮೇಲೆ.

ಒಂದು ಕಥೆ ಹೇಳುತ್ತೇನೆ. ನನ್ನ ಮಾತು ಕೇಳಿದವರಿಗೆ ಇದು ಹಳೆಯದು, ಆದರೂ ಕೇಳಿ. 2019ರ ಮೇ 3ರ ಬೆಳಿಗ್ಗೆ ಫೋನಿ ಚಂಡಮಾರುತ ಒಡಿಶಾದ ಪುರಿಗೆ ಬಡಿಯಿತು. ಗಾಳಿಯ ವೇಗ ಗಂಟೆಗೆ 175 ಕಿಲೋಮೀಟರಿಗೂ ಜಾಸ್ತಿ. ಇಲ್ಲಿ ಬಂದರಿನಲ್ಲಿ ಬಿಸಿಲು. ನನ್ನ ಪರಿಚಯದ ತಾಂಡೇಲರೊಬ್ಬರ ಬೋಟಿನಲ್ಲಿ ಪುರಿ ಕಡೆಯ ಒಬ್ಬ ಹುಡುಗ ಇದ್ದ. ಬಲೆ ಹೊಲಿಯುತ್ತಾ ಕೂತವನು ಎರಡು ಗಂಟು ಹಾಕುವುದು, ಮನೆಗೆ ಫೋನ್ ಮಾಡುವುದು. ಸ್ವಿಚ್ ಆಫ್. ಮತ್ತೆ ಎರಡು ಗಂಟು. ರಾತ್ರಿ ಊಟಕ್ಕೂ ಬರಲಿಲ್ಲ.

ತಾಂಡೇಲರ ಹೆಂಡತಿ ಗಂಜಿಗೆ ಕರೆದರು. ಅವನಿಗೆ ಕನ್ನಡ ಅರ್ಧ, ತುಳು ಕಾಲು. ಇವರಿಗೆ ಹಿಂದಿ ಅಷ್ಟಕ್ಕಷ್ಟೆ. ಆದರೆ ಅವರು ಕೇಳಿದ ಪ್ರಶ್ನೆ ನೋಡಿ: "ನಿನ್ನ ಊರಿನವರು ಬೇರೆ ಎಲ್ಲೆಲ್ಲಿ ಇದ್ದಾರೆ?" ಎಂಥ ಬುದ್ಧಿ! ಗಾಳಿ ಬಿದ್ದ ಊರಿಗೆ ಫೋನ್ ಹೋಗುವುದಿಲ್ಲ, ಗಾಳಿ ಬೀಳದ ಊರಿಗೆ ಹೋಗುತ್ತದಲ್ಲ? ಸೂರತ್‌ನ ಮಗ್ಗದಲ್ಲಿ ಅವನ ಊರಿನವರಿದ್ದರು. ಅವರಿಂದ ಬ್ರಹ್ಮಪುರದಲ್ಲಿದ್ದ ಒಬ್ಬ ಮಾವನ ನಂಬರ್ ಸಿಕ್ಕಿತು. ಮಾವ ಬೈಕ್ ಹತ್ತಿದರು. ರಸ್ತೆ ತುಂಬ ಮರ. ಕೆಲವು ದಿನ ಬಿಟ್ಟು ಸೂರತ್ ದಾರಿಯಲ್ಲೇ ಸುದ್ದಿ ಬಂತು. ಎಲ್ಲರೂ ಶಾಲೆಯ ಕಟ್ಟಡದಲ್ಲಿ ಇದ್ದಾರೆ, ದನವೂ ಉಳಿದಿದೆ. ಆ ಸಲ ಒಡಿಶಾದಲ್ಲಿ 12 ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಬೇರೆ ಕಡೆಗೆ ಸಾಗಿಸಿದ್ದರು. ಅವನ ಮನೆಯವರೂ ಅದರಲ್ಲಿದ್ದರು. ತಾಂಡೇಲರು ಅವತ್ತು ಬಂದರಿನಲ್ಲಿ ಕಂಡಕಂಡವರಿಗೆಲ್ಲ ಚಾ ಕುಡಿಸಿದರು. ಮೀನು ಕೊಳ್ಳಲು ಬಂದವರಿಗೂ!

ಎಲ್ಲರೂ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಮುಖ್ಯ ಇದರ ನಂತರದ್ದು. ಹತ್ತು ದಿನ ಕಳೆದ ಮೇಲೆ ಆ ಅಮ್ಮ ಮತ್ತೆ ಕೇಳಿದರು, "ಮನೆಯ ಮೇಲೆ ಮಾಡು, ಸೂರು ಉಂಟಾ? ಕರೆಂಟ್ ಬಂತಾ? ಅಪ್ಪನಿಗೆ ಮದ್ದು ಉಂಟಾ?" ಆಗ ಬಾಯಿ ಬಿಟ್ಟ ಹುಡುಗ. ವೀಳ್ಯದೆಲೆ ತೋಟ ನೆಲಕ್ಕೆ ಮಲಗಿದೆ. ಕರೆಂಟ್ ಇಲ್ಲ. ಅಪ್ಪನ ಶುಗರ್ ಮಾತ್ರೆ ಮುಗಿದಿದೆ. ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಮಾಲಕರು ಮುಂಗಡ ಕೊಟ್ಟು ಅವತ್ತೇ ರೈಲು ಹತ್ತಿಸಿದರು.

ಹಾಗಾಗಿ ನಾನು ಪದೇ ಪದೇ ಹೇಳುವುದು, ಹತ್ತನೇ ದಿನ ಫೋನ್ ಮಾಡಿ.

ನಮ್ಮಲ್ಲೂ ಇದೇ ಆಯಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂತು. ಮೂಲ್ಕಿ ಹತ್ತಿರ ಬಂಡೆಗೆ ಸಿಕ್ಕಿಬಿದ್ದ, ಹಡಗು ಎಳೆಯುವ ಟಗ್‌ನಿಂದ 9 ಜನರನ್ನು ನೌಕಾಪಡೆ, ಕೋಸ್ಟ್ ಗಾರ್ಡ್‌ನವರು ಕಾಪಾಡಿದ್ದನ್ನು ಟೀವಿಯಲ್ಲಿ ನೋಡಿದೆವು. ಒಳ್ಳೆಯ ಕೆಲಸ, ಕೈ ಮುಗಿಯಬೇಕು. 17ರ ರಾತ್ರಿ ತೌಕ್ತೆ ಗುಜರಾತಿಗೆ ಹೋಯಿತು, ಟೀವಿಯೂ ಅದರ ಹಿಂದೆ ಹೋಯಿತು. ಕಡಲ್ಕೊರೆತಕ್ಕೆ ಸಿಕ್ಕ ದಡದ ಮನೆಗಳು ಇಲ್ಲೇ ಉಳಿದವು. ಕೊರೊನಾ ಲಾಕ್‌ಡೌನ್ ಬೇರೆ. ನೆಂಟರ ಮನೆಗೆ ಹೋಗಿ ನೋಡುವ ಹಾಗೂ ಇರಲಿಲ್ಲ. ಬಾವಿಗೆ ಉಪ್ಪುನೀರು ನುಗ್ಗಿದರೆ ಅದು ಸಿಹಿಯಾಗಲು ಎಷ್ಟು ಕಾಲ ಬೇಕು ಅಂತ ದಡದವರನ್ನು ಕೇಳಿ. ಒಂದು ವಾರದಲ್ಲಿ ಮುಗಿಯುವ ಕಥೆಯಲ್ಲ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ.

ಗಾಳಿ ನಿಂತ ಮೇಲೂ ಮೊಬೈಲ್ ಟವರ್ ಸ್ವಲ್ಪ ಹೊತ್ತು ಬ್ಯಾಟರಿಯಲ್ಲಿ ನಡೆಯುತ್ತದೆ. ಆಮೇಲೆ ಡೀಸೆಲ್ ಬೇಕು. ರಸ್ತೆಗೆ ಮರ ಬಿದ್ದರೆ ಡೀಸೆಲ್ ಎಲ್ಲಿಂದ ಬರಬೇಕು? ಹಾಗಾಗಿ ಮೊದಲ ದಿನ ಸಿಕ್ಕಿದವರು ಎರಡನೇ ದಿನ ಸಿಗದಿದ್ದರೆ ಗಾಬರಿ ಬೇಡ. ಮೆಸೇಜ್ ಹಾಕಿ, ಸಿಗ್ನಲ್ ಬಂದಾಗ ತಲುಪುತ್ತದೆ. ಸುಮ್ನೆ ಕರೆ ಮಾಡಿ ಮಾಡಿ ಅವರ ಫೋನಿನ ಚಾರ್ಜ್ ಮುಗಿಸಬೇಡಿ. ಫೋನ್ ಸಿಕ್ಕಿದರೆ ಕುಡಿಯುವ ನೀರು, ಮದ್ದು, ಮಾಡು, ಇವನ್ನು ಬಿಡಿಸಿ ಕೇಳಿ. ಬಿದ್ದ ತಂತಿ ಮುಟ್ಟಬೇಡಿ, ಜನರೇಟರನ್ನು ಮನೆಯೊಳಗೆ ಇಡಬೇಡಿ, ನೀರು ಕುದಿಸಿ ಕುಡಿಯಿರಿ ಅಂತ ಹೇಳಿ. ತುರ್ತು ಇದ್ದರೆ ಜಿಲ್ಲಾ ಸಹಾಯವಾಣಿ 1077, ಕಡಲಿನಲ್ಲಾದರೆ ಕೋಸ್ಟ್ ಗಾರ್ಡ್ 1554.

ಒಬ್ಬಂಟಿ ಹಿರಿಯರ ಬಗ್ಗೆ ಹೇಳಬೇಕೆಂದಿದ್ದೆ, ಸಮಯವಿಲ್ಲ. ಅವರಿಗೆ ಫೋನ್ ಸಾಲದು, ಮನೆಗೇ ಹೋಗಿ.

ಮಾಲಕರಲ್ಲಿ ಒಂದು ಕೋರಿಕೆ. ಜುಲೈ 31ಕ್ಕೆ ಮಳೆಗಾಲದ ಮೀನುಗಾರಿಕೆ ರಜೆ ಮುಗಿದು ಬೋಟ್ ಇಳಿಯುತ್ತದೆ. ಒಡಿಶಾ, ಆಂಧ್ರದ ಹುಡುಗರು ಬಂದಾಗ ಅವರ ಆಧಾರ್ ಪ್ರತಿ ತೆಗೆದುಕೊಳ್ಳುತ್ತೀರಲ್ಲ, ಜೊತೆಗೆ ಮನೆಯ ಒಂದು ನಂಬರ್, ಬೇರೆ ಊರಿನಲ್ಲಿರುವ ನೆಂಟರ ಒಂದು ನಂಬರ್ ಬರೆದುಕೊಳ್ಳಿ. ಅಲ್ಲಿ ಗಾಳಿ ಎದ್ದರೆ ನಮಗೆ ಬೇಕು. ಇಲ್ಲಿ ಎದ್ದರೆ ಅವರ ಅಮ್ಮಂದಿರಿಗೆ ಬೇಕು. ಇದಕ್ಕೆಂದೇ ಒಂದು ನೋಟ್‌ಬುಕ್ ತಂದಿದ್ದೇನೆ. ಇವತ್ತು ಬಂದಿರುವ ಮಾಲಕರು ತಮ್ಮ ಬೋಟಿನ ಹೆಸರು ಬರೆದು ಹೋಗಿ, ಹುಡುಗರು ಬಂದ ಕೂಡಲೇ ನಂಬರ್ ತುಂಬಿಸೋಣ. ಮುಂದಿನ ಸಾಲಿನಿಂದ ಶುರುವಾಗಲಿ.