ಅವರ ಕೈಯ ನೀರು

ಫಾದರ್, ಸಿಸ್ಟರ್‌ಗಳೇ, ಚಿಕ್ಕಮಗಳೂರಿನ ನನ್ನ ಬಂಧುಗಳೇ,

ಬೂದಿ ಬುಧವಾರ ಕಳೆಯಿತು, ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ ಶುರುವಾಯಿತು. ಶುಕ್ರವಾರದ ಶಿಲುಬೆ ಹಾದಿ ಪ್ರಾರ್ಥನೆಗೆ ಜನ ಚೆನ್ನಾಗಿ ಬರುತ್ತಿದ್ದೀರಿ. ಮೀನು ಮಾಂಸ ಬಿಟ್ಟವರೂ ಜಾಸ್ತಿ. ಈಸ್ಟರ್ ಊಟದ ಮಾತು ಹಿಂದಿನ ಬೆಂಚಿನಲ್ಲಿ ಆಗಲೇ ಶುರುವಾಗಿದೆ, ಇರಲಿ, ಹಬ್ಬ ಅಂದ ಮೇಲೆ ಆಸೆ ಇರಬೇಕು! ನಾನು ಕೇಳುವುದು ಬೇರೆ. ನಮ್ಮ ತೋಟದ ಮನೆಗಳ ಹಿಂಬಾಗಿಲಲ್ಲಿ, ಕಿಟಕಿ ಕಟ್ಟೆಯ ಮೇಲೆ, ಬೋರಲು ಹಾಕಿದ ಒಂದು ಸ್ಟೀಲ್ ಲೋಟ ಇರುತ್ತದೆ ಅಲ್ವಾ? ಅಂಚು ನಗ್ಗಿದ್ದು, ಆಳುಗಳಿಗೆ ಅಂತ ಬೇರೆ ಇಟ್ಟದ್ದು. ಉಪವಾಸ ಮಾಡುವ ಮನೆಯಲ್ಲಿ ಆ ಲೋಟಕ್ಕೇನು ಕೆಲಸ?

ಯೊವಾನ್ನರ ಶುಭಸಂದೇಶದ 4ನೇ ಅಧ್ಯಾಯ ನಿಮಗೆಲ್ಲ ಗೊತ್ತು. ಮಟಮಟ ಮಧ್ಯಾಹ್ನ. ನಡೆದು ಸುಸ್ತಾದ ಯೇಸು ಯಕೋಬನ ಬಾವಿಯ ಹತ್ತಿರ ಕೂತಿದ್ದಾರೆ. ಶಿಷ್ಯರು ಊಟ ತರಲು ಊರೊಳಗೆ ಹೋಗಿದ್ದಾರೆ. ಬಾವಿ ಆಳ, ಇವರ ಹತ್ತಿರ ಸೇದಲು ಏನೂ ಇಲ್ಲ. ಆಗ ಸಮಾರಿಯದ ಹೆಂಗಸೊಬ್ಬಳು ಕೊಡ ಹಿಡಿದು ಬರುತ್ತಾಳೆ. ಯೆಹೂದ್ಯರಿಗೂ ಸಮಾರಿಯದವರಿಗೂ ಕೊಡುಕೊಳ್ಳುವಿಕೆ ಇರಲಿಲ್ಲ. ಅಂಥವಳ ಮುಂದೆ ಯೇಸು ಕೈಯೊಡ್ಡುತ್ತಾರೆ. ಕುಡಿಯಲು ನೀರು ಕೊಡು ಅನ್ನುತ್ತಾರೆ. ಅವಳಿಗೇ ಗಾಬರಿ, ನೀನು ಯೆಹೂದ್ಯ, ನನ್ನ ಹತ್ತಿರ ನೀರು ಕೇಳುತ್ತೀಯಾ ಅಂತ.

ಗಮನಿಸಿ, ಮೊದಲು ಕೇಳಿದವರು ಯೇಸು. ಆಮೇಲೆ ಆ ಊರಿನವರು ಇರಿ ಅಂದರು, ಯೇಸು ಎರಡು ದಿನ ಅಲ್ಲೇ ಉಳಿದರು. ಎರಡು ದಿನ ಅಂದ್ರೆ ಸುಮ್ನೆನಾ? ಅವರ ಮನೆ ಊಟ, ಅವರ ಮನೆ ಹಾಸಿಗೆ. ನಮಗೆ ಕೊಡುವುದು ಗೊತ್ತು. ಹಳೇ ಬಟ್ಟೆ ಕೊಡುತ್ತೇವೆ, ಅಕ್ಕಿ ಕೊಡುತ್ತೇವೆ. ಅದೂ ಬೇಕು. ಆದರೆ ಅವರ ಕೈಯಿಂದ ನೀರು ಇಸಿದುಕೊಂಡು ಕುಡಿಯುತ್ತೇವಾ?

ಕಾಫಿ ಕೊಯ್ಲಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರು ನಮ್ಮ ತೋಟದ ಆಳುಗಳ ಲೈನ್ ಮನೆಗಳಲ್ಲಿದ್ದಾರೆ. ಈಗ ಮೆಣಸಿನ ಕೊಯ್ಲು, ಏಣಿ ಹೊತ್ತು ಓಡಾಡುತ್ತಿದ್ದಾರೆ. ಏನಾದರೂ ಕಳುವಾದರೆ ಮೊದಲು ಅವರ ಕಡೆಯೇ ಬೆರಳು. ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಊರು ಬಿಡುವ ಸಂಕಟ ನಮ್ಮ ಜನಕ್ಕೆ ಹೊಸದಲ್ಲ. ಹಾಸನದ ಶೆಟ್ಟಿಹಳ್ಳಿಯನ್ನು ನೆನೆಯಿರಿ. ಗೊರೂರಿನ ಅಣೆಕಟ್ಟು ಬಂತು, ಊರು ಖಾಲಿಯಾಯಿತು. ಹೇಮಾವತಿಯ ಹಿನ್ನೀರಲ್ಲಿ ಇಗರ್ಜಿಯ ಗೋಡೆಗಳು ಮಾತ್ರ ನಿಂತಿವೆ.

ಫಾದರ್ ಗಡಿಯಾರ ನೋಡುತ್ತಿದ್ದಾರೆ, ಮುಗಿಸುತ್ತೇನೆ. ಯೆಶಾಯನ 58ನೇ ಅಧ್ಯಾಯವನ್ನು ಮನೆಯಲ್ಲಿ ಓದಿ, ದೇವರಿಗೆ ಎಂಥ ಉಪವಾಸ ಬೇಕು ಅಂತ ಅಲ್ಲಿದೆ. ಇನ್ನೊಂದೇ ಮಾತು. ಯೇಸು ಶಿಷ್ಯರ ಪಾದ ತೊಳೆದದ್ದನ್ನು ನೆನೆಯುವ ದಿನ ಪವಿತ್ರ ಗುರುವಾರ. 2013ರ ಆ ದಿನ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಪಾದ ತೊಳೆದರು. ಆ ಹನ್ನೆರಡು ಜನರಲ್ಲಿ ಇಬ್ಬರು ಹುಡುಗಿಯರು, ಅವರಲ್ಲೊಬ್ಬಳು ಮುಸ್ಲಿಂ. ನಮ್ಮಲ್ಲಿ ಪಾದ ತೊಳೆಸಿಕೊಳ್ಳುವ ಹನ್ನೆರಡು ಜನ ಯಾವಾಗಲೂ ಮುಂದಿನ ಸಾಲಿನವರೇ. ಜಾರ್ಖಂಡಿನಿಂದ ಬಂದವರಲ್ಲಿ ನಮ್ಮ ಹಾಗೇ ಪೂಜೆಗೆ ಬರುವವರಿದ್ದಾರೆ, ಹಿಂದೆ ಬಾಗಿಲ ಹತ್ತಿರ ನಿಲ್ಲುತ್ತಾರೆ. ಈ ಭಾನುವಾರ ಅವರನ್ನು ಮಾತಾಡಿಸಿ, ಹೆಸರು ಕೇಳಿ, ಫಾದರ್‌ಗೆ ಬರೆದುಕೊಡಿ. ಪಾದ ತೊಳೆಸಿಕೊಳ್ಳುವವರ ಪಟ್ಟಿ ಇನ್ನೂ ಆಗಿಲ್ಲ.