ಹೊಳಪಿಗೂ ಮೊದಲು: ಸಾಗುವಾನಿ ಪೆನ್ನಿನ ರಂಧ್ರ ತುಂಬುವ ಕೆಲಸ

ನಮಸ್ಕಾರ, ಬೀದರ್‌ನಿಂದ. ಕ್ಯಾಮೆರಾವನ್ನು ಮರ ತಿರುಗಿಸಿ ಕಡೆಯುವ ಯಂತ್ರವಾದ ಲೇಥ್‌ಗೆ ತೀರಾ ಹತ್ತಿರ ತಂದಿದ್ದೇನೆ. ಪೆನ್ನಿನ ಮೈಮೇಲೆ ಸಣ್ಣ ಸಣ್ಣ ಗೆರೆಗಳು ಕಾಣುತ್ತಿವೆಯಲ್ಲ, ಅವು ಮರ ಬದುಕಿದ್ದಾಗ ನೀರು ಏರಿಸಿದ ಕೊಳವೆಗಳು. ಉಳಿ ಅವನ್ನು ಉದ್ದಕ್ಕೆ ಸೀಳಿದ್ದರಿಂದ ಬಾಯಿ ತೆರೆದುಕೊಂಡಿವೆ. ಸಾಗುವಾನಿಯಲ್ಲಿ ಇವು ಕೂದಲೆಳೆಗಿಂತ ಅಗಲ. ವರ್ಷದ ಬೆಳವಣಿಗೆಯ ಆರಂಭದಲ್ಲಿ ದೊಡ್ಡ ಕೊಳವೆಗಳು, ಆಮೇಲೆ ಚಿಕ್ಕವು. ಹಾಗಾಗಿಯೇ ಗೆರೆಗಳು ಪಟ್ಟೆ ಪಟ್ಟೆಯಾಗಿ ಗುಂಪುಗೂಡಿವೆ.

ಈ ತುಂಡು ಹಳೆಯ ಊರಿನಲ್ಲಿ ಕೆಡವಿದ ಮನೆಯೊಂದರ ಬಾಗಿಲ ಚೌಕಟ್ಟಿನದು. ಕೊಯ್ದು, 7 ಮಿಲಿಮೀಟರ್ ರಂಧ್ರ ಕೊರೆದು, ಹಿತ್ತಾಳೆಯ ಕೊಳವೆ ಅಂಟಿಸಿ, ಕಡೆದಿದ್ದೇನೆ. ಆ ಭಾಗ ಬೇಗ ಓಡಿಸುತ್ತೇನೆ, ಹೇಳಬೇಕಾದದ್ದು ಮುಂದಿದೆ.

ಬಡಗಿ ಕಾಕಾ ಒಬ್ಬರಿಗೆ ನನ್ನ ಪೆನ್ನುಗಳನ್ನು ತೋರಿಸುತ್ತಿರುತ್ತೇನೆ. ಅವರ ಮಾತು ಇಷ್ಟೇ: "ತೂತು ತುಂಬದೆ ಪಾಲಿಶ್ ಹಚ್ಚಿದರೆ ತೂತೇ ಹೊಳೆಯುತ್ತದೆ, ತಮ್ಮಾ." ಬಾಗಿಲಿಗೆ, ಮೇಜಿಗೆ ಅವರು ಪುಟ್ಟಿ ಹಚ್ಚಿ ಉಜ್ಜುತ್ತಾರೆ. ಪೆನ್ನಿಗೆ ಪುಟ್ಟಿ ನನಗೆ ಒಪ್ಪುವುದಿಲ್ಲ. ಬಣ್ಣ ಎಷ್ಟೇ ಹೊಂದಿಸಿದರೂ ಅಷ್ಟು ಚಿಕ್ಕ ವಸ್ತುವಿನ ಮೇಲೆ ಅದು ಹೊರಗಿನದೆಂದು ಗೊತ್ತಾಗಿಬಿಡುತ್ತದೆ. ಮರದ ರಂಧ್ರಕ್ಕೆ ಅದೇ ಮರದ ಹುಡಿ ಹೋಗಬೇಕು.

ನೋಡಿ, ಮೊದಲು ಬಟ್ಟೆಯಿಂದಲ್ಲ, ಪೇಪರ್ ಟವೆಲ್‌ನಿಂದ ಅಸಿಟೋನ್ ಒರೆಸುತ್ತಿದ್ದೇನೆ. ಸಾಗುವಾನಿಯಲ್ಲಿ ಸಹಜವಾಗಿಯೇ ಎಣ್ಣೆಯಂಶ ಇರುತ್ತದೆ, ಮೇಲ್ಮೈಯ ಎಣ್ಣೆ ತೆಗೆಯದಿದ್ದರೆ ಅಂಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಈಗ 240ರ ಪಾಲಿಶ್ ಪೇಪರ್ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ). ಲೇಥ್ ನಿಧಾನ. ಹುಡಿ ಏಳುತ್ತಿದ್ದಂತೆಯೇ ಸೂಪರ್ ಗ್ಲೂನ ತೆಳು ಬಗೆಯನ್ನು ಎರಡು ಹನಿ ಬಿಟ್ಟು, ಅದೇ ಕಾಗದದಿಂದ ಉಜ್ಜುತ್ತಲೇ ಇದ್ದೇನೆ. ಅಂಟೂ ಹುಡಿಯೂ ಸೇರಿ ಕೆಸರಾಗಿ ಗೆರೆಗಳೊಳಗೆ ಇಳಿಯುತ್ತಿದೆ. ಕಾಗದ ಜಿಗುಟಾದ ಕೂಡಲೇ ನಿಲ್ಲಿಸಿ, ಒಣಗಲು ಬಿಟ್ಟು, ಮತ್ತೆ ಮರ ಕಾಣುವವರೆಗೆ ಉಜ್ಜಬೇಕು. ಮೇಲೆ ಉಳಿದ ಪದರ ಬೇಡ, ಒಳಗೆ ಕುಳಿತದ್ದು ಮಾತ್ರ ಬೇಕು. ಇದನ್ನು ಎರಡು ಮೂರು ಸಲ ಮಾಡಬೇಕಾಗುತ್ತದೆ. ಅಂಟು ಬಿದ್ದ ಹುಡಿ ತುಸು ಕಪ್ಪಾಗುತ್ತದೆ. ಸಾಗುವಾನಿಯಲ್ಲಿ ಅದು ಗೆರೆಗೆ ಒಪ್ಪುತ್ತದೆ, ತಿಳಿ ಬಣ್ಣದ ಬೇವಿನಲ್ಲಿ ಚುಕ್ಕೆಯಂತೆ ಎದ್ದು ಕಾಣುತ್ತದೆ.

ಹತ್ತಿ ಬಟ್ಟೆ ಬೇಡವೆಂದದ್ದಕ್ಕೆ ಕಾರಣ ಗಂಭೀರವಾದದ್ದು. ಸೂಪರ್ ಗ್ಲೂ ಹತ್ತಿಗೆ ಹೆಚ್ಚು ತಾಗಿದರೆ ಬೇಗನೆ ಬಿಸಿಯೇರಿ ಕೈ ಸುಡಬಹುದು. ಹೊಗೆಯೂ ಕಣ್ಣು, ಮೂಗು ಉರಿಸುತ್ತದೆ. ಕಿಟಕಿ ತೆರೆದು, ಕನ್ನಡಕ ಹಾಕಿಯೇ ಕೂರಿ.

ನಮ್ಮ ಊರಿನವರಿಗೆ ಇನ್ನೊಂದು ವಿಚಾರ. ಈ ಅಂಟು ಗಾಳಿಯ ತೇವದಿಂದ ಗಟ್ಟಿಯಾಗುತ್ತದೆ. ಮೇ ತಿಂಗಳ ಒಣ ಗಾಳಿಯಲ್ಲಿ ತಡ ಮಾಡುತ್ತದೆ, ಮಳೆಗಾಲದಲ್ಲಿ ಅವಸರ ಮಾಡಿ ಕೆಲವೊಮ್ಮೆ ಬಿಳಿಚಿಕೊಳ್ಳುತ್ತದೆ. ಬಾಟಲಿಯನ್ನು ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟು, ತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ಬಿಚ್ಚದೆ ಕಾಯಿರಿ.

ತುಂಬಿದೆಯೋ ಇಲ್ಲವೋ ಎಂದು ಬೆರಳು ಹೇಳುವುದಕ್ಕಿಂತ ಬೆಳಕು ಚೆನ್ನಾಗಿ ಹೇಳುತ್ತದೆ. ಪೆನ್ನನ್ನು ಟ್ಯೂಬ್‌ಲೈಟಿನ ಕೆಳಗೆ ಹೀಗೆ ಓರೆಯಾಗಿ ಹಿಡಿಯಿರಿ. ಅದರ ಪ್ರತಿಬಿಂಬ ನೇರ ಗೆರೆಯಾಗಿ ಕಂಡರೆ ಸರಿ. ಇಲ್ಲಿ, ಈ ತುದಿಯಲ್ಲಿ ಮುರಿದು ಮುರಿದು ಬರುತ್ತಿದೆ, ನೋಡಿ. ಇಲ್ಲಿ ಇನ್ನೊಂದು ಸಲ.

ರಂಧ್ರ ಪೂರ್ತಿ ತುಂಬುವ ಮುನ್ನವೇ ನಯವಾದ ಕಾಗದಕ್ಕೋ ಪಾಲಿಶ್ ಕ್ರೀಮಿಗೋ ಹೋಗಬೇಡಿ. ಬಿಳಿ ಪುಡಿ ರಂಧ್ರದಲ್ಲಿ ಸಿಕ್ಕಿಕೊಂಡು, ಮುಂದಿನ ಪದರದ ಕೆಳಗೆ ಶಾಶ್ವತವಾಗಿ ಉಳಿಯುತ್ತದೆ. ತಿಳಿ ಮರದಲ್ಲಿ ಅಪಾಯ ತಿರುಗುಮುರುಗು: ಲೇಥ್ ಮೇಲೆ ತುಂಡಿನ ಎರಡೂ ತುದಿಗೆ ಕೂರಿಸುವ ಉಕ್ಕಿನ ಬಳೆಯಾದ ಬುಶಿಂಗ್‌ಗೆ ಕಾಗದ ತಾಗಿದರೆ ಲೋಹದ ಕಪ್ಪು ಪುಡಿ ಒಳಗೆ ಸೇರುತ್ತದೆ.

ಬಿದ್ರಿ ಕೆಲಸ ನೋಡಿದವರಿಗೆ ಇದರ ಒಳಗುಟ್ಟು ಬೇಗ ತಿಳಿಯುತ್ತದೆ. ಸತು, ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯಲ್ಲಿ ಚಿತ್ರ ಕೊರೆದು, ಆ ತೋಡಿಗೆ ಬೆಳ್ಳಿ ತಂತಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಬಳಿಕ ಬೆಳ್ಳಿಯೂ ಲೋಹವೂ ಒಂದೇ ಮಟ್ಟಕ್ಕೆ ಬರುವವರೆಗೆ ಸವರುತ್ತಾರೆ. ಕೋಟೆಯ ಮಣ್ಣು, ನವಸಾಗರ ಬಳಸಿ ಕಪ್ಪು ತರುವುದು ಆನಂತರವೇ. ಮಟ್ಟ ಸರಿಯಿಲ್ಲದಿದ್ದರೆ ಕಪ್ಪಿನಲ್ಲಿ ಅದು ಅಡಗುವುದಿಲ್ಲ. ನಮ್ಮ ಊರಿನಲ್ಲಿ ಇಷ್ಟು ಶ್ರದ್ಧೆ ಕಣ್ಣೆದುರಿಗೇ ಇರುವಾಗ ಪೆನ್ನಿನಲ್ಲಿ ಅವಸರ ಮಾಡಲು ನನಗೆ ಮನಸ್ಸು ಬರುವುದಿಲ್ಲ.

ರಂಧ್ರಗಳನ್ನು ಹಾಗೆಯೇ ಬಿಟ್ಟು ಎಣ್ಣೆ, ಮೇಣ ಹಚ್ಚುವವರಿದ್ದಾರೆ. ಆ ಸ್ಪರ್ಶದಲ್ಲಿ ಮರ ಮರವಾಗಿಯೇ ಇರುತ್ತದೆ, ಅದರ ಚೆಲುವು ನನಗೂ ಇಷ್ಟ. ಆದರೆ ಪೆನ್ನು ದಿನವಿಡೀ ಬೆವರುವ ಕೈಯಲ್ಲಿರುತ್ತದೆ. ಕೊಳೆ, ಶಾಯಿ ಆ ಗೆರೆಗಳಲ್ಲಿ ಕುಳಿತುಬಿಡುತ್ತದೆ. ಅರಗಿನ ಪಾಲಿಶ್ ಹಚ್ಚಿದರೆ ಹೊಳಪು ಸುಂದರ, ಆದರೆ ಸ್ಯಾನಿಟೈಸರ್ ಹಚ್ಚಿದ ಕೈ ತಾಗಿದರೆ ಸ್ಪಿರಿಟ್ ಅದನ್ನು ಕರಗಿಸುತ್ತದೆ. ಥಿನ್ನರ್ ಬೆರೆತ ಲ್ಯಾಕರ್ ಆರಿದಂತೆ ಕುಗ್ಗುತ್ತದೆ, ಕೆಲವು ವಾರಗಳಲ್ಲಿ ಗೆರೆ ಮತ್ತೆ ಕಾಣಿಸಿಕೊಳ್ಳುತ್ತದೆ. ದಿನಬಳಕೆಯ ಪೆನ್ನಿಗೆ ನಾನು ಆರಿಸುವುದು ಹುಡಿ ತುಂಬಿ, ಮೇಲೆ ಸೂಪರ್ ಗ್ಲೂನ ತೆಳು ಪದರಗಳು.

ಈಗ 320, 400, 600. ಪ್ರತಿ ಹಂತದ ಕೊನೆಗೆ ಲೇಥ್ ನಿಲ್ಲಿಸಿ, ಮರದ ಉದ್ದಕ್ಕೆ ಕೈಯಿಂದ ಉಜ್ಜಿ. ಸುತ್ತಲೂ ಬಿದ್ದ ಗೀರು ಹೀಗೆ ಮಾತ್ರ ಹೋಗುತ್ತದೆ. ಆಮೇಲೆ ಅಂಟಿನ ಪದರಗಳು, ಮೇಲೆ 1500ರಿಂದ 12000ವರೆಗಿನ ಮೈಕ್ರೋಮೆಶ್ ಎಂಬ ಅತಿ ನಯವಾದ ಉಜ್ಜುವ ಹಾಳೆ, ನೀರು ಹಚ್ಚಿ. ತುದಿಗಳಲ್ಲಿ ನೀರು ಮರಕ್ಕೆ ಇಳಿಯದಂತೆ ಮೊದಲೇ ಅಂಟು ಹಚ್ಚಿ ಮುಚ್ಚಿಕೊಳ್ಳಿ.

ರಾತ್ರಿ ಹೀಗೇ ಬಿಡುತ್ತೇನೆ. ನಾಳೆ ಟ್ಯೂಬ್‌ಲೈಟಿನ ಕೆಳಗೆ ಮತ್ತೆ ನೋಡಿ, ಎಲ್ಲಾದರೂ ಗೆರೆ ಇಳಿದಿದ್ದರೆ ಇನ್ನೊಂದು ಪದರ ಕೊಟ್ಟು, ರೀಫಿಲ್ ಜೋಡಿಸಿ ಬಡಗಿ ಕಾಕಾರ ಕೈಗೆ ಕೊಡುತ್ತೇನೆ. ಅವರು ಅಳತೆ ಬರೆದುಕೊಳ್ಳಲು ಇದೇ ಪೆನ್ನು.