ಭೀಮ ಬಹುವಚನದಲ್ಲಿ ಮಾತಾಡಿದ ರಾತ್ರಿ

ಎಲ್ಲರಿಗೂ ನಮಸ್ಕಾರ. ಕೆಲಸ ಮುಗಿಸಿ ಇಷ್ಟು ಜನ ಬಂದು ಕೂತಿದ್ದೀರಿ, ತುಂಬ ಖುಷಿಯಾಯಿತು.

ಇಂಡೋನೇಷ್ಯಾದ ಜಾವಾಕ್ಕೆ ಹೋದ ನಾವು ನಾಲ್ವರು ಸ್ನೇಹಿತರು ಮೊದಲ ರಾತ್ರಿಯೇ ವಾದ ಮಾಡಿದೆವು. ಅಲ್ಲಿಂದಲೇ ಶುರು ಮಾಡುತ್ತೇನೆ. ಪ್ರಶ್ನೆ ಇಷ್ಟೇ: ಗೊಂಬೆಯಾಟದ ಪರದೆಯ ಯಾವ ಕಡೆ ಕೂರಬೇಕು?

ಯೋಗ್ಯಕರ್ತದಲ್ಲಿ ಅರಮನೆಯ ಉತ್ತರದ ಮೈದಾನದ ಹತ್ತಿರ ಸೊನೊಬುದೊಯೊ ಅಂತ ಒಂದು ಮ್ಯೂಸಿಯಂ ಇದೆ. 1935ರಲ್ಲಿ ಶುರುವಾದದ್ದು. ರಾತ್ರಿ ಎಂಟಕ್ಕೆ ಅಲ್ಲಿ ಸುಮಾರು ಎರಡು ಗಂಟೆಯ ವಾಯಾಂಗ್ ಕುಲಿತ್ ಆಟ ನಡೆಯುತ್ತದೆ. ಕುಲಿತ್ ಅಂದರೆ ತೊಗಲು. ವಾಯಾಂಗ್ ಅನ್ನುವ ಮಾತು ನೆರಳು ಅನ್ನುವ ಪದದ ಬಳಗಕ್ಕೇ ಸೇರಿದ್ದು. ಅಂದರೆ ನಮ್ಮ ತೊಗಲು ಗೊಂಬೆಯಾಟದ ಹತ್ತಿರದ ನೆಂಟ ಅನ್ನಬಹುದು.

ನೆರಳಿನಾಟ ಅಂದಮೇಲೆ ನೆರಳು ಬೀಳುವ ಕಡೆಯೇ ಕೂರಬೇಕು ಅಲ್ವಾ? ನಾವೂ ಹಾಗೇ ಕೂತೆವು. ಆದರೆ ಊರಿನ ಜನ ಒಬ್ಬೊಬ್ಬರಾಗಿ ಪರದೆಯ ಆಚೆಗೆ, ಗೊಂಬೆ ಆಡಿಸುವವರ ಬೆನ್ನ ಹಿಂದೆ ಹೋಗಿ ಕೂತರು. ನಮ್ಮಲ್ಲಿ ಚಿತ್ರ ಬರೆಯುವ ಗೆಳತಿಯೊಬ್ಬಳಿದ್ದಾಳೆ. ಅವಳು ಎದ್ದು ಹೋಗಿ ನೋಡಿ, ಓಡಿಬಂದು ನನ್ನ ಕೈ ಹಿಡಿದು ಎಳೆದಳು. ಆಚೆ ಕಡೆ ಗೊಂಬೆಗಳ ಮೈತುಂಬ ಬಣ್ಣ. ಕೆಂಪು, ನೀಲಿ, ಹಸಿರು, ಮೇಲೆ ಚಿನ್ನದ ಲೇಪ. ಈಚೆ ಕಡೆ ಬರೀ ಕಪ್ಪು ನೆರಳು.

ನಮ್ಮ ಕಡೆ ಗೊಂಬೆ ಮಾಡೋದು ಜಿಂಕೆ, ಮೇಕೆಯಂಥ ತೆಳು ಚರ್ಮದಲ್ಲಿ. ಬೆಳಕು ಚರ್ಮದೊಳಗಿಂದ ಹಾಯ್ದು ಬಣ್ಣವೇ ಪರದೆಗೆ ಬರುತ್ತದೆ. ಕೊಪ್ಪಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಅವರ ಆಟದ ಗೊಂಬೆಗಳನ್ನು ನೋಡಿದವರಿಗೆ ಇದು ಗೊತ್ತು. ಜಾವಾದವರದ್ದು ಎಮ್ಮೆ ಚರ್ಮ, ದಪ್ಪ. ಬೆಳಕು ಹಾಯುವುದಿಲ್ಲ. ಉಳಿಯಿಂದ ಕೊರೆದ ಸಣ್ಣ ಸಣ್ಣ ತೂತುಗಳಿಂದ ಮಾತ್ರ ಬೆಳಕು ಬರುತ್ತದೆ. ಹಾಗಾಗಿ ಒಂದೇ ಗೊಂಬೆ ಒಂದು ಕಡೆಯವರಿಗೆ ಚಿನ್ನದ ರಾಜ, ಇನ್ನೊಂದು ಕಡೆಯವರಿಗೆ ಕಪ್ಪು ಜಾಲರಿ. ಎರಡೂ ಪೂರ್ತಿ ಆಟವೇ. ಅವತ್ತು ರಾಮಾಯಣದ ಒಂದು ತುಂಡು ಆಡಿದರು. ನಾವು ಅರ್ಧ ಹೊತ್ತು ಇಲ್ಲಿ, ಅರ್ಧ ಹೊತ್ತು ಅಲ್ಲಿ ಕೂತು ನೋಡಿದೆವು.

ಮಾರನೇ ದಿನ ಊರಿಂದ ದಕ್ಷಿಣಕ್ಕೆ, ಇಮೊಗಿರಿ ಕಡೆಯ ಪುಚುಂಗ್ ಅನ್ನುವ ಹಳ್ಳಿಗೆ ಹೋದೆವು. ಅಲ್ಲಿ ಮನೆ ಮನೆಯ ಜಗಲಿಯಲ್ಲೂ ಗೊಂಬೆ ಕೊರೆಯುವವರು. ನೆನೆಸಿ, ಚೌಕಟ್ಟಿಗೆ ಎಳೆದು ಕಟ್ಟಿ, ಒಣಗಿಸಿ, ಹೆರೆದ ಚರ್ಮವನ್ನು ಮರದ ದಿಮ್ಮಿಯ ಮೇಲಿಟ್ಟು ಟಕ್ ಟಕ್ ಅಂತ ಉಳಿ ಹೊಡೆಯುತ್ತಾರೆ. ಹಿಡಿಕೆಗೆ ಎಮ್ಮೆ ಕೊಂಬು. ಅದನ್ನು ಬೆಂಕಿಗೆ ಹಿಡಿದು, ಗೊಂಬೆಯ ಮೈಯ ತಿರುವಿಗೆ ಸರಿಯಾಗಿ ಬಗ್ಗಿಸುತ್ತಾರೆ. ಕೊರೆಯೋದರಲ್ಲಿ ಮುಖ ಎಲ್ಲಕ್ಕಿಂತ ಕೊನೆಗೆ. ಕಣ್ಣು, ಮೂಗು, ಬಾಯಿ. ನಮ್ಮ ಶಿಲ್ಪಿಗಳು ಕೊನೆಗೆ ಮೂರ್ತಿಯ ಕಣ್ಣು ತೆರೆಸುತ್ತಾರಲ್ಲ, ಅದೇ ನೆನಪಾಯಿತು. ಆ ಕಣ್ಣಲ್ಲೇ ಸ್ವಭಾವ ಇರೋದು. ಅರ್ಜುನನದ್ದು ಅಕ್ಕಿಕಾಳಿನ ಹಾಗೆ ಸಣ್ಣ ಕಣ್ಣು, ತಲೆ ಸ್ವಲ್ಪ ಬಾಗಿದೆ. ಭೀಮನದ್ದು ದುಂಡು ಕಣ್ಣು.

ಈ ಭೀಮನ ವಿಷಯವೇ ನಾನು ಇವತ್ತು ಮುಖ್ಯವಾಗಿ ಹೇಳಬೇಕಾದ್ದು.

ನಮ್ಮ ಅದೃಷ್ಟಕ್ಕೆ ಆ ವಾರ ಪಕ್ಕದ ಒಂದು ಹಳ್ಳಿಯಲ್ಲಿ ‘ಬೆರ್ಸಿಹ್ ದೇಸಾ’ ಇತ್ತು. ಸುಗ್ಗಿ ಮುಗಿದ ಮೇಲೆ ಊರಿಗೆ ಒಳ್ಳೆಯದಾಗಲಿ ಅಂತ ಮಾಡುವ ಹಬ್ಬ. ‘ದೇಸಾ’ ಅಂದರೆ ಅವರಿಗೆ ಹಳ್ಳಿ. ನಮಗೆ ದಾರಿ ತೋರಿಸುತ್ತಿದ್ದ ಕಾಲೇಜು ಹುಡುಗ ಕರೆದುಕೊಂಡು ಹೋದ. ಮಸೀದಿಯಲ್ಲಿ ರಾತ್ರಿಯ ನಮಾಜು ಮುಗಿಯಿತು, ಜನ ಹಾಗೇ ಚಾಪೆ ಹಿಡಿದು ಬಂದರು. ಕಡಲೆಕಾಯಿ ಬೇಯಿಸಿ ಮಾರುತ್ತಿದ್ದರು, ಶುಂಠಿ ಹಾಕಿದ ಬಿಸಿ ಬಿಸಿ ಕಷಾಯ ಇತ್ತು. ಆಡಿಸುವವರು ಮುಸ್ಲಿಮರು, ನೋಡುವವರು ಮುಸ್ಲಿಮರು. ಕಥೆ ಪಾಂಡವರದ್ದು. ಜಾವಾದವರು ‘ವಾಲಿ’ ಅಂತ ಕರೆಯುವ ಮುಸ್ಲಿಂ ಸಂತರಲ್ಲಿ ಒಬ್ಬರಾದ ಸುನನ್ ಕಲಿಜಗ ಇದೇ ಗೊಂಬೆಗಳ ಮೂಲಕ ಇಸ್ಲಾಮನ್ನು ಜನರಿಗೆ ಹೇಳಿದರು ಅಂತ ಅಲ್ಲಿನ ಐತಿಹ್ಯ.

ಗೊಂಬೆ ಆಡಿಸುವವರಿಗೆ ದಲಾಂಗ್ ಅಂತಾರೆ. ರಾತ್ರಿ ಒಂಬತ್ತಕ್ಕೆ ಚಕ್ಕಳಮಕ್ಕಳ ಹಾಕಿ ಕೂತವರು ಬೆಳಗಾಗುವವರೆಗೆ ಏಳಲಿಲ್ಲ. ಎಲ್ಲ ಪಾತ್ರದ ದನಿಯೂ ಅವರದ್ದೇ. ಮರದ ಸಣ್ಣ ಕೊಡತಿಯಿಂದ ಗೊಂಬೆ ಪೆಟ್ಟಿಗೆಗೆ ಹೊಡೆದು ವಾದ್ಯದವರಿಗೆ ಸನ್ನೆ ಕೊಡುತ್ತಾರೆ. ಎರಡು ಕೈಯಲ್ಲೂ ಗೊಂಬೆ ಇದ್ದಾಗ ಅದೇ ಕೊಡತಿ ಕಾಲ್ಬೆರಳ ಸಂದಿಗೆ ಬರುತ್ತದೆ. ಮೃದಂಗ ನುಡಿಸುವ ನಮ್ಮ ಗೆಳೆಯ ರಾತ್ರಿಯಿಡೀ ಆ ಕಾಲನ್ನೇ ನೋಡುತ್ತಾ ಕೂತಿದ್ದ. ಗೊಂಬೆಗಳನ್ನು ಚುಚ್ಚಿ ನಿಲ್ಲಿಸಲು ಪರದೆಯ ಕೆಳಗೆ ಉದ್ದಕ್ಕೂ ಬಾಳೆದಿಂಡು. ಹಿಂದೆಲ್ಲ ಮೇಲೆ ಎಣ್ಣೆ ದೀಪ ಇರುತ್ತಿತ್ತು, ಈಗ ಕರೆಂಟು ಬಲ್ಬು. ದೀಪದ ಕುಡಿ ಅಲುಗಿದರೆ ನೆರಳೂ ಉಸಿರಾಡುತ್ತದೆ. ಬಲ್ಬಿನಲ್ಲಿ ಅದಿಲ್ಲ. ನನಗೆ ಇದು ನಿಜವಾಗಲೂ ಬೇಜಾರಿನ ಸಂಗತಿ.

ಕಥೆ ಮುಂದುವರಿದ ಹಾಗೆ ನಮ್ಮಲ್ಲೊಬ್ಬರು ಪಿಸುಗುಟ್ಟಿದರು: “ಇದು ತಪ್ಪಲ್ವಾ? ನಮ್ಮ ಮಹಾಭಾರತದಲ್ಲಿ ಹೀಗಿಲ್ಲ.” ಜಾವಾದಲ್ಲಿ ದ್ರೌಪದಿ ಧರ್ಮರಾಯನೊಬ್ಬನ ಹೆಂಡತಿ. ಶಿಖಂಡಿ ಅಲ್ಲಿ ಶ್ರಿಕಂಡಿ, ಬಿಲ್ಲು ಹಿಡಿಯುವ ಹೆಂಗಸು, ಅರ್ಜುನನ ಹೆಂಡತಿಯರಲ್ಲಿ ಒಬ್ಬಳು. ಆದರೆ ನಮ್ಮ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಕೊಟ್ಟು ಮದುವೆ ಮಾಡಿಸಲಿಲ್ವಾ? ಅವನು ಭಾರತ ಬರೆದದ್ದು ಸುಮಾರು 941ರಲ್ಲಿ. ಮಧ್ಯ ಜಾವಾದ ರಾಜ ಬಲಿತುಂಗನ ಕಾಲದ 907ರ ಶಾಸನದಲ್ಲಿ ಆಗಲೇ, ದೇವರಿಗಾಗಿ ವಾಯಾಂಗ್ ಆಡಿ ಭೀಮನ ಕಥೆ ಹೇಳಿದರು ಅಂತ ಬರೆದಿದೆ. ಸಾವಿರದ ನೂರು ವರ್ಷ ಅವರ ಮನೆಯಲ್ಲಿ ಬೆಳೆದ ಕಥೆಯನ್ನು ನಮ್ಮದರ ನಕಲು ಅಂತ ನೋಡಬಾರದು. ದಯವಿಟ್ಟು ಹಾಗೆ ನೋಡಬೇಡಿ. ಅವರ ಭೀಮ ಅವರ ಭೀಮನೇ.

ನಡುರಾತ್ರಿ ದಾಟಿದ ಮೇಲೆ ಸೆಮಾರ್ ಬಂದ. ದಪ್ಪ ಹೊಟ್ಟೆಯ ಮುದಿ ಸೇವಕ, ಹಿಂದೆ ಗಾರೆಂಗ್, ಪೆತ್ರುಕ್, ಬಾಗೊಂಗ್ ಅನ್ನುವ ಮೂರು ಮಕ್ಕಳು. ನಮ್ಮ ಕಿಳ್ಳೇಕ್ಯಾತನ ಹಾಗೆ ನಗಿಸುತ್ತಾರೆ. ನಿದ್ದೆ ಹೋದವರೆಲ್ಲ ಎದ್ದು ಕೂತರು. ಈ ಸೆಮಾರ್ ನಿಜದಲ್ಲಿ ದೇವರು. ಶಿವನೇ ಆದ ಬಟಾರ ಗುರುವಿನ ಅಣ್ಣ. ಆದರೂ ಸೇವಕನಾಗಿಯೇ ಇರುತ್ತಾನೆ.

ಅವತ್ತಿನ ಕಥೆ ದೇವ ರುಚಿ. ಇದು ನಮ್ಮ ಭಾರತದಲ್ಲಿ ಇಲ್ಲ. ಗುರು ದ್ರೋಣರು ಭೀಮನಿಗೆ ಜೀವಜಲ ಹುಡುಕಿ ತಾ ಅನ್ನುತ್ತಾರೆ. ಹೋದವನು ಸಾಯಲಿ ಅನ್ನೋದು ಕೌರವರ ಯೋಚನೆ. ಅಣ್ಣತಮ್ಮಂದಿರು ಬೇಡ ಅಂದರೂ ಭೀಮ ಕೇಳುವುದಿಲ್ಲ. ಗುರು ಹೇಳಿದ ಮೇಲೆ ಮುಗಿಯಿತು. ಬೆಟ್ಟಕ್ಕೆ ಹೋಗಿ ಇಬ್ಬರು ರಾಕ್ಷಸರ ಜೊತೆ ಹೊಡೆದಾಡುತ್ತಾನೆ, ನೀರಿಲ್ಲ. ವಾಪಸ್ ಬಂದರೆ ಸಮುದ್ರದಲ್ಲಿದೆ ಅಂತಾರೆ. ಸಮುದ್ರಕ್ಕೂ ಇಳಿಯುತ್ತಾನೆ. ದೊಡ್ಡ ಹಾವು ಸುತ್ತಿಕೊಂಡಾಗ ಹೆಬ್ಬೆರಳಿನ ಉಗುರಿನಿಂದ ಅದನ್ನು ಸೀಳುತ್ತಾನೆ. ಆಮೇಲೆ ನೀರಿನ ನಡುವೆ ಒಂದು ಪುಟ್ಟ ರೂಪ ಕಾಣುತ್ತದೆ. ನೋಡಿದರೆ ಅವನದ್ದೇ ಮುಖ, ಅವನದ್ದೇ ಉಡುಪು. ಅದೇ ದೇವ ರುಚಿ. “ನನ್ನ ಎಡಗಿವಿಯೊಳಗೆ ಬಾ” ಅನ್ನುತ್ತದೆ. ಬೆಟ್ಟದಂಥ ಭೀಮ ಆ ಪುಟ್ಟ ಕಿವಿಯೊಳಗೆ ಹೋಗುತ್ತಾನೆ. ಒಳಗೆ ಇಡೀ ಲೋಕ ಇರುತ್ತದೆ.

ಈ ಹೊತ್ತಿಗೆ ಸರಿಯಾಗಿ ನಮ್ಮ ಸುತ್ತ ಕೂತವರು ಮಾತು ನಿಲ್ಲಿಸಿದರು. ಕಡಲೆಕಾಯಿ ಸಿಪ್ಪೆಯ ಸದ್ದೂ ಇಲ್ಲ. ಯಾಕೆ ಅಂತ ಹುಡುಗನನ್ನು ಕೇಳಿದೆ. ಅವನು ಕಿವಿಯಲ್ಲಿ ಹೇಳಿದ: “ಭೀಮ ಈಗ ಕ್ರಮದಲ್ಲಿ ಮಾತಾಡುತ್ತಿದ್ದಾನೆ.”

ಜಾವಾ ಭಾಷೆಗೆ ಮೆಟ್ಟಿಲುಗಳಿವೆ. ಸಲುಗೆಯ ಮಾತು ‘ಙೊಕೊ’, ಮರ್ಯಾದೆಯ ಮಾತು ‘ಕ್ರಮ’. ನಮ್ಮಲ್ಲಿ ‘ನೀನು’ ಹೋಗಿ ‘ನೀವು’ ಬರುತ್ತದೆ, ಕ್ರಿಯಾಪದದ ಕೊನೆ ಬದಲಾಗುತ್ತದೆ, ಅಷ್ಟೇ. ಅಲ್ಲಿ ಪದಗಳೇ ಬೇರೆ. ಮನೆಗೆ ಸಲುಗೆಯಲ್ಲಿ ‘ಒಮಾಹ್’, ಮರ್ಯಾದೆಯಲ್ಲಿ ‘ಗ್ರಿಯಾ’. ಹೌದು, ನಮ್ಮ ಗೃಹವೇ. ವಾಯಾಂಗಿನ ಭೀಮ ಎಲ್ಲರಿಗೂ ಏಕವಚನ. ಅಣ್ಣನಿಗೆ, ಗುರುವಿಗೆ, ಕೃಷ್ಣನಿಗೆ, ದೇವತೆಗಳಿಗೆ, ಯಾರಿಗೂ ಬಗ್ಗುವವನಲ್ಲ. ಅವನು ಮರ್ಯಾದೆಯ ಮಾತು ಆಡೋದು ಒಬ್ಬರ ಮುಂದೆ ಮಾತ್ರ. ಗೇಣುದ್ದ ಇರುವ, ತನ್ನದೇ ಮುಖದ ಈ ದೇವ ರುಚಿಯ ಮುಂದೆ.

ನನಗೆ ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ಆದರೆ ದಲಾಂಗರ ದನಿ ಬದಲಾದದ್ದು ಕೇಳಿಸಿತು. ರಾತ್ರಿಯೆಲ್ಲ ಗುಡುಗಿದ ಗಂಟಲು ಮೆತ್ತಗಾಗಿತ್ತು. ಹನ್ನೊಂದನೇ ಶತಮಾನದ ಜಾವಾ ಕವಿ ಎಂಪು ಕಣ್ವ ಬರೆದಿದ್ದಾನೆ: ಗೊಂಬೆಯಾಟ ನೋಡುವವರು ಅಳುತ್ತಾರೆ, ಮಾತಾಡುತ್ತಿರೋದು ಕೊರೆದ ತೊಗಲು ಅಂತ ಗೊತ್ತಿದ್ದೂ ಅಳುತ್ತಾರೆ. ಆ ರಾತ್ರಿ ನಾನೂ ಅತ್ತೆ.

ಬೆಳಕು ಹರಿಯುವ ಹೊತ್ತಿಗೆ ದಲಾಂಗರು ಎಲೆಯಾಕಾರದ ದೊಡ್ಡ ಗೊಂಬೆ, ಗುನುಂಗನ್, ಅದನ್ನು ಪರದೆಯ ನಡುವೆ ನೆಟ್ಟರು. ಬೆಟ್ಟ ಮತ್ತು ಮರ ಎರಡೂ ಅದರಲ್ಲಿದೆ. ಅದನ್ನು ನಡುವೆ ನೆಟ್ಟರೆ ಆಟ ಮುಗಿದಂತೆ. ಗೊಂಬೆಗಳನ್ನು ಒಂದೊಂದಾಗಿ ಪೆಟ್ಟಿಗೆಯಲ್ಲಿಟ್ಟರು. ಅಪ್ಪಂದಿರು ಮಲಗಿದ್ದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಹೊರಟರು.

ನಮ್ಮ ಪಕ್ಕದಲ್ಲಿ ರಾತ್ರಿಯಿಡೀ ಕೂತಿದ್ದ ಒಬ್ಬರು ಅಜ್ಜ ಇದ್ದರು. ಹುಡುಗ ಅವರನ್ನು ‘ಎಂಬಾಹ್’ ಅಂತ ಕರೆಯುತ್ತಿದ್ದ, ಅಂದರೆ ಅಜ್ಜನೇ. ಅವರು ಅವನ ಮೂಲಕ ಕೇಳಿಸಿದರು: “ನಿಮ್ಮೂರಲ್ಲಿ ದೇವರ ಹತ್ತಿರ ಯಾವ ಮಾತಲ್ಲಿ ಮಾತಾಡುತ್ತೀರಿ?”

ನಾವು ಮುಖ ಮುಖ ನೋಡಿಕೊಂಡೆವು. ಆಮೇಲೆ ಚಿತ್ರದ ಗೆಳತಿ ಹೇಳಿದಳು: “ಅಜ್ಜಾ, ನಮ್ಮಲ್ಲಿ ಅಣ್ಣನಿಗೂ ಗುರುವಿಗೂ ನೀವು ಅಂತೀವಿ. ದೇವರಿಗೆ ಮಾತ್ರ ನೀನು ಅಂತೀವಿ. ನಮ್ಮ ಶರಣರು, ದಾಸರು ಎಲ್ಲರೂ ಹಾಗೇ ಕರೆದಿದ್ದಾರೆ.”

ಹುಡುಗ ಸ್ವಲ್ಪ ಹೊತ್ತು ಯೋಚನೆ ಮಾಡಿ ಅದನ್ನು ಕ್ರಮದಲ್ಲಿ ಅಜ್ಜನಿಗೆ ಹೇಳಿದ. ಅಜ್ಜ ಏನೂ ಹೇಳಲಿಲ್ಲ. ಉಳಿದಿದ್ದ ಕಡಲೆಕಾಯಿಯನ್ನು ನಮ್ಮ ಕಡೆ ತಳ್ಳಿ, ಇನ್ನೊಮ್ಮೆ ಕೂತುಕೊಂಡರು.